ಚಿಕ್ಕತಾಯಮ್ಮನ ಮೂವತ್ತೆಂಟು ದಾರಗಳು

2023ನೇ ಇಸವಿಯಲ್ಲಿ ನಾನು ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಆಪರೇಟರ್ ಆಗಿದ್ದೆ, ಈಗಲೂ ಅಲ್ಲೇ ಇದ್ದೇನೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಊರು ಕಾಮಗೆರೆ. ಬೆಳಿಗ್ಗೆ ಬಸ್ಸು ಹತ್ತಿ ಬಂದು ಒಂಬತ್ತಕ್ಕೆ ಷಟರ್ ಎತ್ತಿದರೆ ಸಂಜೆ ಆರರವರೆಗೆ ಕುರ್ಚಿ ಬಿಡುವಂತಿರಲಿಲ್ಲ. ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ಪಹಣಿ, ವಿದ್ಯಾರ್ಥಿವೇತನ, ಪಿಂಚಣಿ, ಹೀಗೆ ಜನ ಬಾಯಲ್ಲಿ ಹೇಳಿದ್ದನ್ನು ಸರ್ಕಾರದ ವೆಬ್‌ಸೈಟಿನ ಖಾನೆಗಳಿಗೆ ತುಂಬುವುದು ನನ್ನ ಕೆಲಸ.

ಆ ಖಾನೆಗಳಲ್ಲಿ ಒಂದು ‘ಉದ್ಯೋಗ’. ಅಲ್ಲಿ ಬರೆಯಲು ಜಾಗವಿರುವುದಿಲ್ಲ. ಬಾಣದ ಗುರುತು ಒತ್ತಿದರೆ ಒಂದು ಪಟ್ಟಿ ಕೆಳಗಿಳಿಯುತ್ತದೆ, ಅದರಲ್ಲಿರುವುದರಲ್ಲೇ ಒಂದನ್ನು ಆರಿಸಬೇಕು. ಇದಕ್ಕೆ ಡ್ರಾಪ್‌ಡೌನ್ ಎನ್ನುತ್ತಾರೆ. ಒಂಬತ್ತನೇ ತರಗತಿಯಿಂದ ನನಗೆ ಡೈರಿ ಬರೆಯುವ ಅಭ್ಯಾಸ. ತಾರೀಖು, ಸಂಖ್ಯೆ, ಹೆಸರು ಬಿಡುವುದಿಲ್ಲ. ಆ ವರ್ಷದ ಜನವರಿ ಮುಗಿದಾಗ ಡೈರಿ ತೆಗೆದು ಕೂಡಿಸಿದೆ. ತಿಂಗಳಲ್ಲಿ ನಾನು ತುಂಬಿದ ಹೆಂಗಸರ ಅರ್ಜಿ 214. ಅದರಲ್ಲಿ ‘ಗೃಹಿಣಿ’ ಎಂದು ಆರಿಸಿದ್ದು 171. ಆ 171 ಜನರಲ್ಲಿ ಎಷ್ಟು ಮಂದಿಯನ್ನು ‘ಏನು ಕೆಲಸ ಮಾಡುತ್ತೀರಿ’ ಎಂದು ಕೇಳಿದ್ದೆ ಎಂದು ನೆನಪಿಸಿಕೊಳ್ಳಲು ಹೋದೆ. ಒಬ್ಬರೂ ನೆನಪಾಗಲಿಲ್ಲ.

ಇದನ್ನು ಕಾಲೇಜಿನಲ್ಲಿ ಜೊತೆಗೆ ಓದಿದ ಇಬ್ಬರು ಗೆಳತಿಯರಿಗೆ ಹೇಳಿದೆ. ಹನೂರಿನ ಲಾವಣ್ಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅವಳ ಅಮ್ಮ ತಮಿಳು ಸೀಮೆಯವರು, ಸಿಟ್ಟು ಬಂದರೆ ಲಾವಣ್ಯಳ ಬಾಯಲ್ಲಿ ಅಮ್ಮನ ಭಾಷೆ ಬರುತ್ತದೆ. ಯಳಂದೂರಿನ ಭಾಗ್ಯ ಆಗ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಳು, ಮಾತು ಕಡಿಮೆ. ಫೆಬ್ರವರಿ 5, ಭಾನುವಾರ, ನಮ್ಮ ಮನೆಯ ಜಗಲಿಯ ಮೇಲೆ ಕೂತು ಮೂವರೂ ಒಂದು ಬ್ಲಾಗ್ ಶುರು ಮಾಡಿದೆವು. ಬ್ಲಾಗ್ ಎಂದರೆ ಅಂತರ್ಜಾಲದಲ್ಲಿ ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದ ಬರಹದ ಪುಟ, ದುಡ್ಡು ಕೊಡಬೇಕಿಲ್ಲ. ನಮ್ಮ ಮೂರು ತಾಲ್ಲೂಕಿನ ಹೆಂಗಸರ ಬದುಕು, ಕೆಲಸ, ಗುರುತು ಇವನ್ನು ಬರೆದಿಡಬೇಕು ಎಂಬುದು ಆಸೆ. ಹೆಸರು ‘ಯಾರ ಮನೆಯವಳು’ ಎಂದಿಟ್ಟೆವು. ನಮ್ಮ ಕಡೆ ಯಾವ ಬೀದಿಗೆ ಕಾಲಿಟ್ಟರೂ ಹೆಣ್ಣುಮಕ್ಕಳನ್ನು ಮೊದಲು ಕೇಳುವ ಪ್ರಶ್ನೆ ಅದು. ಲಾವಣ್ಯ ಒಂದು ನಿಯಮ ಮಾಡಿದಳು: ಯಾರ ಬಗ್ಗೆ ಬರೆದರೂ ಮೊದಲ ವಾಕ್ಯದಲ್ಲಿ ಆ ಹೆಂಗಸಿನ ಸ್ವಂತ ಹೆಸರಿರಬೇಕು, ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಶುರುವಾಗಬಾರದು.

ಮೊದಲ ಬರಹವನ್ನು ಓದಿದವರು 41 ಜನ. ಅದರಲ್ಲಿ ನಾವು ಮೂವರೇ ಎಷ್ಟು ಸಲ ತೆರೆದಿದ್ದೆವೋ ಗೊತ್ತಿಲ್ಲ. ಮೇ ತಿಂಗಳ ಹೊತ್ತಿಗೆ ಹತ್ತು ಬರಹ ಹಾಕಿದ್ದೆವು. ಹನ್ನೊಂದನೆಯದು ಚಿಕ್ಕತಾಯಮ್ಮನವರದು. ನಾನು ಹೇಳಬೇಕೆಂದಿರುವುದು ಆ ಒಂದು ಬರಹದ ಸಂಗತಿ.

ಮೇ 8ರ ಸೋಮವಾರ ಬೆಳಿಗ್ಗೆ ಅವರು ಸೆಂಟರಿಗೆ ಬಂದರು. ಐವತ್ತನಾಲ್ಕು ವರ್ಷ, ತೆಳ್ಳನೆಯ ಮೈಕಟ್ಟು, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ದಾಖಲೆಗಳು. ಕೈಮಗ್ಗದ ಕೆಲಸಗಾರರಿಗೆ ಕೊಡುವ ಗುರುತಿನ ಚೀಟಿಗೆ ಅರ್ಜಿ ಹಾಕಬೇಕಿತ್ತು.

“ಹೆಸರು ಹೇಳವ್ವ.”

“ಚಿಕ್ಕತಾಯಮ್ಮ. ಮುಳ್ಳೂರು.”

“ಗಂಡನ ಹೆಸರು?”

ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. “ಎಪ್ಪತ್ತೇಳು ಮಲೆ ಒಡೆಯನ ಎಸ್ರೇ ಕಣಮ್ಮಿ. ನೀನೇ ಬರ್ಕೊ.”

“ಮಹದೇವ ಅಂತಲೋ, ಮಾದಪ್ಪ ಅಂತಲೋ?”

“ನೀ ಎರಡ್ನೇದಾಗಿ ಯೋಳುದ್ಯಲ್ಲ, ಅದು.”

ಉದ್ಯೋಗದ ಖಾನೆ ಬಂತು. ನನ್ನ ಕೈ ತಾನಾಗಿ ‘ಗೃಹಿಣಿ’ ಒತ್ತಿತು. ಮುಂದೆ ಬೆರಳಚ್ಚು. ಅವರ ಹೆಬ್ಬೆರಳನ್ನು ಯಂತ್ರದ ಮೇಲೆ ಇಟ್ಟೆ, ಒರೆಸಿ ಮತ್ತೆ ಇಟ್ಟೆ. ಏಳು ಸಲ ಕೆಂಪು ದೀಪವೇ ಬಂತು.

“ಅದ್ಕೆ ನನ್ನ ಬೆಳ್ಳು ಗೊತ್ತಾಗಾಕಿಲ್ಲ ಬುಡಮ್ಮಿ,” ಎಂದರು. “ಮೂವತ್ತೆಂಟು ವರ್ಸ ಎಳೆ ಒಸ್ದು ಒಸ್ದು ಗೆರೆ ಸವ್ದೋಗದೆ.”

ಕೈ ತಿರುಗಿಸಿ ನೋಡಿದೆ. ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಹೊಳೆಯ ಕಲ್ಲಿನಂತೆ ನುಣುಪಾಗಿದ್ದವು. ಗೃಹಿಣಿ ಎಂದಿದ್ದನ್ನು ಅಳಿಸಿದೆ. ಬೆರಳಚ್ಚಿನ ಬದಲು ಮೊಬೈಲಿಗೆ ಬರುವ ಓಟಿಪಿ ಹಾಕಿ ಅರ್ಜಿ ಮುಗಿಸುತ್ತಾ, ಏನು ಕೆಲಸ ಎಂದು ಆ ಕುರ್ಚಿಯಲ್ಲಿ ಕೂತು ಮೊದಲ ಬಾರಿಗೆ ಒಬ್ಬ ಹೆಂಗಸನ್ನು ನಿಜವಾಗಿ ಕೇಳಿದೆ.

ಅವರ ಕೆಲಸ ಹಾಸು ಹೊಸೆಯುವುದು. ಮಗ್ಗದಲ್ಲಿ ಉದ್ದಕ್ಕೆ ಹರಡಿರುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಒಂದು ಹಾಸು ಮುಗಿಯುತ್ತಾ ಬಂದಾಗ ಹೊಸ ಹಾಸಿನ ಪ್ರತಿಯೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಸೇರಿಸಬೇಕು. ರೇಷ್ಮೆ ಸೀರೆಯಾದರೆ ನಾಲ್ಕು ಸಾವಿರಕ್ಕೂ ಮೇಲೆ ಎಳೆ. ಗಂಟು ಹಾಕುವಂತಿಲ್ಲ. ಗಂಟಾದರೆ ಬಾಚಣಿಗೆಯಂಥ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ತುದಿ ಕೂಡಿಸಿ ಹೊಸೆಯಬೇಕು. ಒಂದು ಎಳೆ ಅದಲುಬದಲಾದರೂ ಸೀರೆ ಮುಗಿಯುವವರೆಗೆ ಗೆರೆ ಕಾಣುತ್ತದೆ.

ಚಿಕ್ಕತಾಯಮ್ಮನವರ ತವರು ಕೊಳ್ಳೇಗಾಲದ ಮಗ್ಗದ ಬೀದಿಯ ಪಕ್ಕ. ಹದಿನಾರನೇ ವಯಸ್ಸಿನಲ್ಲಿ ನೆರೆಮನೆಯ ಒಬ್ಬ ಮುದುಕಿಯಿಂದ ಕಲಿತರು. ಮದುವೆಯಾಗಿ ಸೇರಿದ್ದು ಮುಳ್ಳೂರಿನ ಬೇಸಾಯದ ಮನೆ. ಅಲ್ಲಿಂದಲೇ ಕೊಳ್ಳೇಗಾಲಕ್ಕೆ ಹೋಗಿಬಂದು ಮಗ್ಗದ ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಸಂಕಟವೂ ಅಲ್ಲೇ ಇತ್ತು. ಮನೆಯಲ್ಲಿ ಮಗ್ಗವಿಲ್ಲ, ಆದ್ದರಿಂದ ನೇಕಾರರ ಲೆಕ್ಕಕ್ಕೆ ಬರುವುದಿಲ್ಲ. ಹಿಂದೆ ಎರಡು ಸಲ ಅರ್ಜಿ ಹಾಕಿದ್ದರು, ಎರಡು ಸಲವೂ ವಾಪಸಾಗಿತ್ತು. ಈ ಸಲ ಜೂನ್ 17ಕ್ಕೆ ಪರಿಶೀಲನಾ ಶಿಬಿರವಿತ್ತು. ಸ್ವಂತ ಮಗ್ಗವಿಲ್ಲದವರು ತಾವು ಕೆಲಸ ಮಾಡುವ ಮಗ್ಗದ ಯಜಮಾನರಿಂದ ಪತ್ರ ತರಬೇಕಿತ್ತು.

“ಆ ಚೀಟಿ ಯಾತಕ್ಕೆ ಬೇಕವ್ವ ನಿಮ್ಗೆ?” ಎಂದು ಕೇಳಿದೆ. ಯಾವುದಾದರೂ ಸವಲತ್ತಿನ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ.

“ರೇಸನ್ ಕಾರ್ಡ್ನಾಗೂ ಇಂಥೋರ ಎಡ್ತಿ. ಓಟಿನ ಚೀಟೀಲೂ ಇಂಥೋರ ಎಡ್ತಿ. ಸಾಯೋದ್ರೊಳ್ಗೆ ಒಂದ್ ಚೀಟೀಲಾದ್ರೂ ನಾ ಮಾಡಿದ್ ಕೆಲ್ಸ ಬರ್ಲಿ ಅಂತ ಕಣಮ್ಮಿ.”

ನಮ್ಮ ಬ್ಲಾಗಿನ ಉದ್ದೇಶವನ್ನು ನಾವು ಮೂರು ಪದವೀಧರೆಯರು ಅರ್ಧ ಪುಟ ಬರೆದಿದ್ದೆವು. ಅವರು ಮೂರು ವಾಕ್ಯದಲ್ಲಿ ಹೇಳಿಬಿಟ್ಟರು.

ಮೇ 14, ಭಾನುವಾರ, ಮೂವರೂ ಅವರು ಕೆಲಸ ಮಾಡುವ ಮಗ್ಗದ ಮನೆಗೆ ಹೋದೆವು. ಯಜಮಾನರು ನಂಜಪ್ಪನವರು, ಅರವತ್ತರ ಹತ್ತಿರದವರು. ಒಂದು ಕಾಲಕ್ಕೆ ಒಂಬತ್ತು ಮಗ್ಗ ನಡೆಸಿದವರು, ಆಗ ಮೂರು ಉಳಿದಿದ್ದವು. ನಗುತ್ತಲೇ ಒಳಗೆ ಕರೆದು ಕಾಫಿ ಕೊಡಿಸಿದರು. ಫೋಟೋ ತೆಗೆಯಲು ಒಪ್ಪಿದರು. ಪತ್ರದ ಮಾತೆತ್ತಿದಾಗ, “ಕೊಡ್ತೀನಿ ಬುಡಿ, ಇನ್ನೂ ತಿಂಗ್ಳದೆ,” ಎಂದರು.

ಚಿಕ್ಕತಾಯಮ್ಮ ಮಗ್ಗದ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎಡಗಡೆ ಬೂದಿ ಬಟ್ಟಲು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಎಳೆಗಳನ್ನು ಜೋಡಿ ಮಾಡಿ, ಹೊಸೆದು, ಪಕ್ಕಕ್ಕೆ ಸರಿಸುತ್ತಾ ನಮ್ಮ ಜೊತೆ ಮಾತಾಡುತ್ತಿದ್ದರು. ಮೊಬೈಲ್ ಗಡಿಯಾರ ಹಿಡಿದು ಎಣಿಸಿದೆ. ಒಂದು ನಿಮಿಷಕ್ಕೆ ಹದಿನಾಲ್ಕು. ಲಾವಣ್ಯ ತಾನೂ ಒಂದನ್ನು ಹೊಸೆಯಲು ಹೋಗಿ ಮೂರು ನಿಮಿಷ ತೆಗೆದುಕೊಂಡಳು. ಎಳೆದು ನೋಡಿದರೆ ಬಿಟ್ಟುಕೊಂಡಿತು.

“ಮೇಷ್ಟ್ರಮ್ಮ ಅಲ್ವಾ, ಮಕ್ಳ ಕಿವಿ ಇಂಡೋ ಬೆಳ್ಳು. ಅದ್ಕೆ ಎಳೆ ಎದ್ರಾಕಿಲ್ಲ,” ಎಂದು ಚಿಕ್ಕತಾಯಮ್ಮ ಚುಡಾಯಿಸಿದರು.

ಹೊರಡುವ ಮುಂಚೆ ನಾನು ಕೇಳಿದೆ: “ವಾರಕ್ಕೆ ಎಷ್ಟು ಹಾಸು ಆಗುತ್ತವ್ವ?”

“ಎರಡಾಯ್ತದೆ.”

ಅಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ವಾರಕ್ಕೆ ಎರಡು, ವರ್ಷಕ್ಕೆ ಐವತ್ತೆರಡು ವಾರ, ಮೂವತ್ತೆಂಟು ವರ್ಷ. ಒಟ್ಟು 3,952. ಮೇ 21ರಂದು ಬರಹ ಹಾಕಿದಾಗ ಅದನ್ನೇ ಶೀರ್ಷಿಕೆ ಮಾಡಿದೆ: ‘3,952 ಹಾಸು ಹೊಸೆದ ಬೆರಳುಗಳು’. ಹೆಚ್ಚಿನವು ನಂಜಪ್ಪನವರ ಮಗ್ಗಗಳವು ಎಂದೂ ಸೇರಿಸಿದೆ. ಅದುವರೆಗೆ ನಮ್ಮ ಯಾವ ಬರಹವನ್ನೂ ಇನ್ನೂರು ಜನ ಓದಿರಲಿಲ್ಲ. ಇದನ್ನು ನಾಲ್ಕು ದಿನದಲ್ಲಿ 3,806 ಸಲ ತೆರೆದಿದ್ದರು. ಕೊಳ್ಳೇಗಾಲದ ವಾಟ್ಸಾಪ್ ಗುಂಪುಗಳಲ್ಲೆಲ್ಲ ಆ ಸಂಖ್ಯೆ ಓಡಾಡಿತು. ಡೈರಿಯಲ್ಲಿ ಅಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: ‘ಇಂದು ಬಹಳ ಸಂತೋಷ.’

ಮೇ 29, ಸೋಮವಾರ. ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತಿದ್ದರು.

“ಅಮ್ಮಿ, ಯಜಮಾನ್ರು ಕಾಗ್ದ ಕೊಡಾಕಿಲ್ಲ ಅಂದ್ರು.”

“ಯಾಕವ್ವ?”

“ನೀವು ಬರ್ದಿರ ಲೆಕ್ಕ ಸುಳ್ಳಂತೆ. ಸುಳ್ಳು ಯೋಳೋರ್ಗೆ ನಾ ಸಯಿ ಆಕಾಕಿಲ್ಲ ಅಂದ್ರು.” ನನ್ನ ಮುಖ ನೋಡಿದರು. “ನಾ ಲೆಕ್ಕ ಯೋಳ್ನಿಲ್ವಲ್ಲ, ಅಮ್ಮಿ?”

ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ನಿಜವಾಗಿಯೂ ಕೇಳುತ್ತಿದ್ದರು, ತಾನೇ ಎಲ್ಲಾದರೂ ಬಾಯಿ ತಪ್ಪಿ ಹೇಳಿದೆನೇನೋ ಎಂಬಂತೆ. ಶಿಬಿರಕ್ಕೆ ಹತ್ತೊಂಬತ್ತು ದಿನ ಉಳಿದಿತ್ತು.

ಎರಡು ದಿನ ಬಿಟ್ಟು ಮೂವರೂ ನಂಜಪ್ಪನವರ ಹತ್ತಿರ ಹೋದೆವು.

“ಬನ್ರಮ್ಮಿ, ಲೆಕ್ಕದೋರು ಬಂದ್ರು,” ಎಂದರು. ಈ ಸಲ ಕಾಫಿ ಬರಲಿಲ್ಲ. “ಲಾಕ್‌ಡೌನಲ್ಲಿ ಈ ಮನೇಲಿ ಮಗ್ಗುದ್ಮೇಲೆ ಜೇಡ ಬಲೆ ಕಟ್ಟಿತ್ತು. ಆಗ್ಲೂ ವಾರಕ್ಕೆ ಎರಡು ಅಂತ ಗುಣಿಸ್ಕಂಡ್ರಾ? ಜರಿ ಬರ್ದೆ ಮಗ್ಗ ನಿಂತದ್ದು? ಆಯಮ್ಮ ಬಾಣಂತಿ ಆಗಿದ್ದು? ಎಲ್ಲಾನೂ ಸೇರ್ಸಿ ಗುಣಿಸ್ಬುಟ್ರಾ?”

ಬಾಗಿಲಾಚೆಯ ಬೀದಿಯ ಕಡೆ ಕೈ ತೋರಿಸಿದರು.

“ಬೀದೀಲಿ ಕಂಡೋರೆಲ್ಲ ಕೇಳ್ತಾವ್ರೆ, ಏನ್ ನಂಜಪ್ಪ, ನಾಕ್ ಸಾವ್ರ ಆಸು ನೇಯ್ಸಿದ್ದೀಯಂತೆ ಅಂತ. ಈಗ ನಾ ಆ ಕಾಗ್ದಕ್ಕೆ ಸಯಿ ಆಕುದ್ರೆ ನಿಮ್ಮ ಲೆಕ್ಕಕ್ಕೂ ಆಕ್ದಂಗೆ ಆಯ್ತದೆ. ನಾ ಆಕಾಕಿಲ್ಲ.”

ಹೊರಗೆ ಬಂದ ಮೇಲೆ ಲಾವಣ್ಯ ಕೂಗಾಡಿದಳು. ಕಾಗದ ಕೊಡದಿರಲು ಅದೊಂದು ನೆವ, ಅವರ ಬಗ್ಗೆಯೇ ಇನ್ನೊಂದು ಬರಹ ಹಾಕೋಣ ಎಂದಳು. “ಪೋಡಿ, ಈ ಗಂಡಸ್ರೆಲ್ಲ ಒಂದೇ,” ಎಂದು ಅವಳಮ್ಮನ ದನಿಯಲ್ಲಿ ಹೇಳಿದಳು. ನಾನೂ ಹೂಂ ಎನ್ನುವವಳಿದ್ದೆ. ನನ್ನ ಗುಣಾಕಾರ ಸರಿಯಾಗಿಯೇ ಇತ್ತಲ್ಲ.

ಭಾಗ್ಯ ಮಾತ್ರ ಬಸ್ ನಿಲ್ದಾಣದವರೆಗೆ ನಡೆದು ಬಂದು, ಯಳಂದೂರಿನ ಬಸ್ಸು ಹತ್ತುವ ಮುಂಚೆ ತಿರುಗಿ ಹೇಳಿದಳು: “ಲೇ ಪವಿ, ನೀನು ಆಯಮ್ಮನ್ನ ಒಟ್ಟು ಎಷ್ಟು ಹಾಸು ಅಂತ ಕೇಳ್ಲೇ ಇಲ್ಲ. ವಾರಕ್ಕೆ ಎಷ್ಟು ಅಂತ ಕೇಳ್ದೆ. ಮಿಕ್ಕಿದ್ದನ್ನ ನೀನೇ ಹೇಳ್ಕೊಂಡೆ.”

ಅಂದು ಡೈರಿಯಲ್ಲಿ ಈ ಮಾತನ್ನಷ್ಟೇ ಬರೆದಿದ್ದೇನೆ.

ಜೂನ್ 4, ಭಾನುವಾರ, ಮುಳ್ಳೂರಿಗೆ ಹೋದೆವು. ಚಿಕ್ಕತಾಯಮ್ಮನವರ ಗಂಡ ಮಾದಪ್ಪನವರು ಜಗಲಿಯ ಮೇಲೆ ಕೂತು ಕುಡುಗೋಲಿಗೆ ಹಿಡಿ ಹಾಕುತ್ತಿದ್ದರು. ನಾವು ಒಳಗೆ ಹೋಗಿ ಚಾಪೆಯ ಮೇಲೆ ಕೂತು, ತಪ್ಪು ನಮ್ಮದು, ಬರಹ ತೆಗೆದುಹಾಕುತ್ತೇವೆ ಎಂದೆವು. ನಾನು ದುಪಟ್ಟಾದಲ್ಲಿ ಕಣ್ಣು ಒರೆಸಿಕೊಂಡೆ. ಅವರು ಮಜ್ಜಿಗೆ ಲೋಟ ನನ್ನ ಕೈಗಿಟ್ಟರು.

“ಎಣಿಸ್ದೆ ಬರ್ದೆ ಅಂತ ಅಳ್ತಾ ಕೂತ್ರೆ? ಈಗ ಎಣಿಸುದ್ರಾಯ್ತು.”

“ಹೇಗೆ ಎಣಿಸೋದವ್ವ? ಮೂವತ್ತೆಂಟು ವರ್ಷದ್ದು.”

ಅವರು ಎದ್ದು ಅಟ್ಟಣೆಯ ತೊಲೆಗೆ ತೂಗುಹಾಕಿದ್ದ ಒಂದು ಬಿದಿರು ಮಕ್ಕರಿಯನ್ನು ಇಳಿಸಿ ನಮ್ಮ ಮುಂದೆ ಇಟ್ಟರು. ಹೊರಗಿನಿಂದ ಮಾದಪ್ಪನವರ ದನಿ ಬಂತು: “ಇಳಿಸುದ್ಲಾ ನಿಧೀನಾ? ಕಳ್ಳ ಬಂದ್ರೆ ಅದ್ನೇ ಒತ್ಕೊಂಡ್ ಓಗ್ಲಿ ಅಂತ ಕಾಯ್ತಾವ್ನಿ ಕಣ್ರವ್ವ, ಒಬ್ಬ್ನೂ ಬರಾಕಿಲ್ಲ.”

ಮಕ್ಕರಿಯ ಮೇಲಿದ್ದ ಹಳೆಯ ಬಟ್ಟೆ ತೆಗೆದರು. ಒಳಗೆ ಸುರುಳಿ ಸುತ್ತಿದ ನೂಲಿನ ದಾರಗಳು. ಒಂದನ್ನು ಬಿಡಿಸಿ ಹಿಡಿದರು. ದಾರದ ಉದ್ದಕ್ಕೂ ಒತ್ತೊತ್ತಾಗಿ ಬಣ್ಣಬಣ್ಣದ ರೇಷ್ಮೆಯ ಸಣ್ಣ ಕುಚ್ಚುಗಳನ್ನು ಕಟ್ಟಿದ್ದರು. ಪ್ರತಿ ಕುಚ್ಚಿಗೂ ಎರಡು ಬಣ್ಣ. ಅರ್ಧ ನೀಲಿ, ಅರ್ಧ ಗಿಣಿ ಹಸಿರು. ಅರ್ಧ ಗಿಣಿ ಹಸಿರು, ಅರ್ಧ ಬದನೆ ಬಣ್ಣ.

ಅವರು ವಿವರಿಸಿದ ಮೇಲೆ ಅರ್ಥವಾಯಿತು. ಹಳೆಯ ಹಾಸಿನ ಜೊತೆ ಹೊಸ ಹಾಸು ಹೊಸೆದ ಜಾಗ ಸೀರೆಗೆ ಬರುವುದಿಲ್ಲ. ನೇಯ್ಗೆ ಅದನ್ನು ದಾಟಿದ ಮೇಲೆ ಕತ್ತರಿಸಿ ತೆಗೆಯುತ್ತಾರೆ. ಎಲ್ಲರೂ ಅದನ್ನು ಕಸಕ್ಕೆ ಹಾಕುತ್ತಾರೆ. ಆದರೆ ಚಿಕ್ಕತಾಯಮ್ಮನಿಗೆ ಕೆಲಸ ಕಲಿಸಿದ ಮುದುಕಿ, ಕೈಯಾರೆ ಹೊಸೆದದ್ದು ಯಾರ ಕಾಲಡಿಗೂ ಬೀಳಬಾರದು ಎಂದಿದ್ದಳಂತೆ. ಹಾಗಾಗಿ ಪ್ರತಿ ಹಾಸಿನ ಕತ್ತರಿಸಿದ ತುದಿಯಿಂದ ಅಂಚಿನ ಕಡೆಯ ಒಂದು ಚಿಟಿಕೆ ಎಳೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ತರುತ್ತಿದ್ದರು. ಯುಗಾದಿಗೆ ಹೊಸ ದಾರ, ಮುಂದಿನ ಯುಗಾದಿಯವರೆಗೆ ಅದಕ್ಕೇ ಕಟ್ಟುವುದು.

ನಾನು ಹನ್ನೊಂದು ವರ್ಷದಿಂದ ಡೈರಿ ಬರೆಯುತ್ತಿದ್ದೇನೆಂದು ಹೆಮ್ಮೆಪಡುತ್ತಿದ್ದವಳು. ಸಹಿ ಹಾಕಲೂ ಬಾರದ ಈ ಹೆಂಗಸು ಒಂದು ಕೆಲಸವನ್ನೂ ಬಿಡದೆ ಮೂವತ್ತೆಂಟು ವರ್ಷ ಇಟ್ಟ ಡೈರಿ ನನ್ನ ಮುಂದಿತ್ತು. ಭಾಗ್ಯ ಎರಡೂ ಕೈಯಲ್ಲಿ ಒಂದು ದಾರ ಹಿಡಿದು ಕೂತುಬಿಟ್ಟಿದ್ದಳು. “ನಮ್ಮ ಮೇಷ್ಟ್ರು ಆಧಾರ ಎಲ್ಲಿ, ಆಧಾರ ಎಲ್ಲಿ ಅಂತ ಕೇಳ್ತಾನೇ ಇರ್ತಾರೆ. ಅವರನ್ನ ಇಲ್ಲಿಗೆ ಕರ್ಕೊಂಡು ಬರ್ಬೇಕು,” ಎಂದಳು.

ಎಣಿಸುವ ಕ್ರಮವನ್ನು ನಾನೇ ಗೊತ್ತು ಮಾಡಿದೆ. ಪ್ರತಿ ದಾರವನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ಲೆಕ್ಕ ಹೊಂದದಿದ್ದರೆ ಮೂರನೆಯವಳು. ಆ ಭಾನುವಾರ ಹತ್ತೊಂಬತ್ತು ದಾರ ಮುಗಿದವು. ಉಳಿದ ಹತ್ತೊಂಬತ್ತನ್ನು ಜೂನ್ 11ಕ್ಕೆ ಮುಗಿಸಿದೆವು. ಮೊದಲ ವರ್ಷದ ದಾರದಲ್ಲಿ 31 ಕುಚ್ಚು. ನಂಜಪ್ಪನವರ ಒಂಬತ್ತು ಮಗ್ಗವೂ ನಡೆಯುತ್ತಿದ್ದ ಕಾಲದ ಒಂದರಲ್ಲಿ 103. ಲಾಕ್‌ಡೌನ್ ವರ್ಷದ್ದರಲ್ಲಿ ಬರೀ ಆರು. ಒಂದೊಂದು ದಾರದ ಮಧ್ಯೆ ಗೇಣುದ್ದ ಖಾಲಿ ಜಾಗ. ಅವು ಬಾಣಂತನದ ತಿಂಗಳುಗಳು.

ಐದನೆಯ ದಾರದಲ್ಲಿ ಒಂದು ಕುಚ್ಚೂ ಇರಲಿಲ್ಲ. ಎರಡು ತುದಿಗೂ ಗಂಟು ಹಾಕಿ, ಉಳಿದವುಗಳಂತೆಯೇ ನೀಟಾಗಿ ಸುತ್ತಿಟ್ಟಿದ್ದ ಬರಿಯ ದಾರ.

“ಇದೇನವ್ವ?” ಎಂದು ಲಾವಣ್ಯ ಕೇಳಿದಳು.

“ಮದ್ವೆ ಆಗಿ ಬಂದ ವರ್ಸ ಕಣಮ್ಮಿ. ಬೇಸಾಯದ ಮನೆ ಸೊಸೆ ಮಗ್ಗದ ಮನೆ ಸುತ್ತಬಾರ್ದು ಅಂದ್ರು ನಮ್ಮತ್ತೆ. ಒಂದ್ ವರ್ಸ ಕಳಿಸ್ನಿಲ್ಲ.”

“ಏನೂ ಕಟ್ಟದೆ ಇದ್ದ ದಾರಾನ ಯಾಕೆ ಇಟ್ಕೊಂಡಿದ್ದೀರಿ?”

ಚಿಕ್ಕತಾಯಮ್ಮ ಆ ಪ್ರಶ್ನೆಗೇ ಆಶ್ಚರ್ಯಪಟ್ಟಂತೆ ಕಂಡರು. “ವರ್ಸ ಅಂತೂ ಬಂತಲ್ಲ. ಅದೂ ನಂದೇ ತಾನೆ?”

ಒಟ್ಟು 2,417. ನಾನು ಬರೆದಿದ್ದ ಸಂಖ್ಯೆಗಿಂತ 1,535 ಕಡಿಮೆ. ಅಷ್ಟು ಹಾಸುಗಳನ್ನು ಹೊಸೆದದ್ದು ಅವರ ಬೆರಳಲ್ಲ, ನನ್ನ ಕ್ಯಾಲ್ಕುಲೇಟರು.

ಮರುದಿನ ಸಂಜೆ ಕೆಲಸ ಮುಗಿಸಿ, ಚಿಕ್ಕತಾಯಮ್ಮನವರ ಜೊತೆ ಮಕ್ಕರಿ ಹೊತ್ತುಕೊಂಡು ನಂಜಪ್ಪನವರ ಮನೆಗೆ ಹೋದೆವು. ಶಿಬಿರಕ್ಕೆ ಐದು ದಿನವಿತ್ತು. ನಾನು ಮೊದಲೇ ಹೇಳಿದೆ: “ಸಾರ್, ನೀವು ಹೇಳಿದ್ದು ಸರಿ. ನನ್ನ ಲೆಕ್ಕ ತಪ್ಪು. ಅವರದು ತಪ್ಪಿಲ್ಲ. ನೋಡಿ.”

ಮಗ್ಗದ ಮನೆಯ ನೆಲದ ಮೇಲೆ ಮೂವತ್ತೆಂಟು ದಾರಗಳನ್ನೂ ಸಾಲಾಗಿ ಹಾಸಿದೆವು. ನಂಜಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಮೊದಲು ಅನುಮಾನದಿಂದ, ಆಮೇಲೆ ಒಂದೊಂದೇ ಕುಚ್ಚು ಮುಟ್ಟುತ್ತಾ. “ಈ ಬದ್ನೆ ಬಣ್ಣ ನಮ್ಮಪ್ಪಾಜಿ ಇರೋವಾಗ ಮಾಡ್ಸಿದ್ದು... ಇದು ಕಿಟಕಿ ಪಕ್ಕದ ಮಗ್ಗುದ್ದು. ನೋಡಿ, ಇಲ್ಲಿ ನೀಲಿ ಮುಗ್ದು ಅಸ್ರು ಬಂತು. ಆ ಮಗ್ಗುದ್ದೇ ಮುಂದುಲ್ ಕುಚ್ನಲ್ಲಿ ಅದೇ ಅಸ್ರು ಮುಗೀತದೆ.” ಒಂದು ಕುಚ್ಚು ಮುಗಿದ ಬಣ್ಣದಿಂದಲೇ ಅದೇ ಮಗ್ಗದ ಮುಂದಿನ ಕುಚ್ಚು ಶುರುವಾಗಿತ್ತು. ಸುಳ್ಳಿಗೆ ಹಾಗೆ ಕಟ್ಟಲು ಯಾರಿಗೂ ಸಾಧ್ಯವಿರಲಿಲ್ಲ ಎಂದು ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಬರಿಯ ದಾರದ ಹತ್ತಿರ ಬಂದು ನಿಂತರು. ಅದರ ಮುಂದಿನ, ಆರನೆಯ ದಾರದ ಮೊದಲ ಕುಚ್ಚಿನಲ್ಲಿ ಹೊಸ ಹಾಸಿನ ಅರ್ಧ ಅರಿಶಿನ ಬಣ್ಣದ್ದು, ಅದರ ಒಂದು ಬದಿಗೆ ಕೆಂಪು ಅಂಚಿನ ಎಳೆ.

“ಚಿಕ್ಕತಾಯಿ,” ಎಂದರು, “ಇದು ಅದೇಯಾ?”

“ಇನ್ಯಾವ್ದು ಯಜಮಾನ್ರೆ? ನೀವೇ ಸೈಕಲ್ ತಕಂಡು ಬಂದಿದ್ರಲ್ಲ.”

1990ರಲ್ಲಿ ಆ ಮನೆಯ ಹಾಸು ಹೊಸೆಯುತ್ತಿದ್ದ ಆಳು ಅರ್ಧಕ್ಕೆ ಬಿಟ್ಟು ಹೋಗಿದ್ದನಂತೆ. ಮಗ್ಗದ ಮೇಲಿದ್ದದ್ದು ಮದುವೆಯ ಧಾರೆ ಸೀರೆಯ ಹಾಸು. ಆಗಿನ ಯಜಮಾನರ ಮಗ ನಂಜಪ್ಪ ಸೈಕಲ್ ತುಳಿದುಕೊಂಡು ಮುಳ್ಳೂರಿಗೆ ಹೋಗಿ ಚಿಕ್ಕತಾಯಮ್ಮನವರ ಅತ್ತೆಯ ಮುಂದೆ ನಿಂತಿದ್ದರು. ಅತ್ತೆ ಕಳಿಸುವುದಿಲ್ಲ ಎಂದಾಗ, “ನಾನೇ ಕಣವ್ವ ಮದ್ವೆ ಗಂಡು, ಸೀರೆ ಇಲ್ದೆ ಎಣ್ಣು ಎಂಗೆ ಧಾರೆಗೆ ಕೂತ್ಕೊತದೆ?” ಎಂದಿದ್ದರಂತೆ. ಮದುವೆ ಗಂಡಿಗೆ ಇಲ್ಲವೆನ್ನಲಾಗದೆ ಆ ಅತ್ತೆ ಕಳಿಸಿದ್ದು. ಅಂದಿನಿಂದ ಯಾರೂ ತಡೆಯಲಿಲ್ಲ.

ಈ ಮಾತೆಲ್ಲ ಕೇಳಿಸಿಕೊಂಡು ಒಳಗಿನಿಂದ ನಂಜಪ್ಪನವರ ಹೆಂಡತಿ ಗಿರಿಜಮ್ಮ ಬಂದರು. ನಾವು ಹಿಂದೆ ಬಂದಾಗ ಕಾಫಿ ತಂದುಕೊಟ್ಟವರು, ಒಂದು ಮಾತೂ ಆಡಿರಲಿಲ್ಲ. ಈಗ ವಾಪಸು ಹೋಗಿ ಪೆಟ್ಟಿಗೆಯಿಂದ ಒಂದು ಸೀರೆ ತಂದರು. ಕುಚ್ಚಿನ ಹೊರಮೈ ಮಾಸಿತ್ತು. ಕಟ್ಟಿದ ಗಂಟನ್ನು ಉಗುರಿನಿಂದ ಸಡಿಲಿಸಿ ಒಳಗಿನ ಎಳೆಯನ್ನು ಸೀರೆಯ ಒಡಲಿಗೆ ಹಿಡಿದರು. ಅರಿಶಿನಕ್ಕೆ ಅರಿಶಿನ ಕೂಡಿತು.

“ಮೂವತ್ಮೂರು ವರ್ಸ ಈ ಸೀರೆ ನನ್ನತ್ರ ಅದೆ,” ಎಂದರು ಗಿರಿಜಮ್ಮ. ಗಂಡನಿಗಲ್ಲ, ಚಿಕ್ಕತಾಯಮ್ಮನವರಿಗೆ. “ನಿನ್ ಕೈದು ಅಂತ ಒಬ್ರೂ ಯೋಳ್ನಿಲ್ಲ ನೋಡು ನಂಗೆ. ನೀನೂ ಯೋಳ್ನಿಲ್ಲ.”

“ನೀವು ಕೇಳ್ನಿಲ್ಲ ಕಣಕ್ಕ.”

ನಂಜಪ್ಪನವರು ಎದ್ದು ಕನ್ನಡಕ ಒರೆಸಿಕೊಂಡರು. ಆದರೂ ತಮ್ಮ ಪಟ್ಟು ಬಿಡಲಿಲ್ಲ. “ಮೊದ್ಲು ಅದ್ನ ಸರಿ ಮಾಡಿ. ಆಮೇಲೆ ಸಯಿ.” ಅಲ್ಲೇ ನೆಲದ ಮೇಲೆ ಕೂತು ಮೊಬೈಲಿನಲ್ಲಿ ಬರಹ ತಿದ್ದಿದೆ. ಹಳೆಯ ಸಂಖ್ಯೆಯನ್ನು ಅಳಿಸಿ ಮರೆಮಾಚಬಾರದು, ತಪ್ಪಾಗಿತ್ತು ಎಂದೇ ಬರೆಯಬೇಕು ಎಂದು ಭಾಗ್ಯ ಹೇಳಿದಳು. ಹಾಗೇ ಬರೆದೆ: ‘ಮೊದಲು ಹಾಕಿದ್ದ 3,952 ಎಂಬುದು ನಾವು ಎಣಿಸದೆ ಗುಣಿಸಿದ ಲೆಕ್ಕ. ಚಿಕ್ಕತಾಯಮ್ಮನವರು ತಾವೇ ಇಟ್ಟಿರುವ ಲೆಕ್ಕ 2,417. ಅದನ್ನು ಎರಡೆರಡು ಸಲ ಎಣಿಸಿದ್ದೇವೆ.’ ನಂಜಪ್ಪನವರು ಗಟ್ಟಿಯಾಗಿ ಓದಿ, ಗಲ್ಲ ತುರಿಸಿಕೊಂಡು, ಪತ್ರ ಬರೆದು ಸಹಿ ಹಾಕಿದರು. ಲಾವಣ್ಯ ಹೊರಗೆ ಬಂದ ಮೇಲೆ, “ಮನುಷ್ಯ ಒಳ್ಳೆಯವರೇ ಕಣೇ,” ಎಂದಳು. ಅದನ್ನೂ ಡೈರಿಯಲ್ಲಿ ಬರೆದುಕೊಂಡೆ, ಅವಳು ಮುಂದೆ ಇಲ್ಲವೆನ್ನಬಾರದು ಎಂದು.

ಜೂನ್ 17, ಶನಿವಾರದ ಶಿಬಿರಕ್ಕೆ ನಾನೂ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಮೇಜಿನಾಚೆಯ ಅಧಿಕಾರಿ ಪತ್ರ ಓದಿ, “ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀರಮ್ಮ?” ಎಂದು ಕೇಳಿದರು.

“ಮೂವತ್ತೆಂಟು ವರ್ಸ ಸಾ. ಅದ್ರಲ್ಲಿ ಒಂದು ಕಾಲಿ.”

ಅವರು ತಲೆಯೆತ್ತಿ ನೋಡಿದರು. ಏನು ಅರ್ಥವಾಯಿತೋ, ನಕ್ಕು ಮುದ್ರೆ ಒತ್ತಿದರು.

ಚೀಟಿ ಬಂದದ್ದು ಸೆಪ್ಟೆಂಬರಿನಲ್ಲಿ. ಅದನ್ನು ಹಿಡಿದುಕೊಂಡು ನೇರ ಸೆಂಟರಿಗೆ ಬಂದರು. ಮೂರು ಜನರ ಸಾಲಿತ್ತು. ಸಾಲಿನಲ್ಲೇ ನಿಂತು, ಸರದಿ ಬಂದ ಮೇಲೆ ನನ್ನ ಮುಂದಿಟ್ಟರು. ಓದಿ ಹೇಳಿದೆ: “ಹೆಸರು, ಚಿಕ್ಕತಾಯಮ್ಮ. ಕೆಲಸ, ಹಾಸು ಜೋಡಣೆ.”

“ಇನ್ನೊಂದ್ ಸಲ ಓದಮ್ಮಿ.”

ಮತ್ತೆ ಓದಿದೆ. ಸಾಲಿನಲ್ಲಿದ್ದವರೂ ಕೇಳಿಸಿಕೊಳ್ಳಲಿ ಎಂದು ಸ್ವಲ್ಪ ಜೋರಾಗಿ.

ಬ್ಲಾಗ್ ಈಗಲೂ ನಡೆಯುತ್ತಿದೆ. ಮೂವರೂ ಸೇರಿ ಮಾಡಿದ ನಿಯಮಗಳ ಪಟ್ಟಿಗೆ ಆ ವರ್ಷ ಎರಡು ಸೇರಿದವು. ಒಬ್ಬ ಹೆಂಗಸಿನ ಬದುಕನ್ನು ಒಂದು ವಾರ ನೋಡಿ ಉಳಿದದ್ದನ್ನು ಗುಣಿಸಬಾರದು. ಏನೂ ನಡೆಯದ ವರ್ಷವನ್ನು ಬಿಟ್ಟು ಬರೆಯಬಾರದು. ಈ ಎರಡನ್ನೂ ನನಗೆ ಕಲಿಸಿದ್ದು ಕಾಲೇಜಲ್ಲ. ನನ್ನ ಡೈರಿಯಲ್ಲೂ ಮೊದಲು ಬರೆಯಲು ಏನೂ ಇಲ್ಲದ ದಿನಗಳನ್ನು ಹಾರಿಸುತ್ತಿದ್ದೆ. ಈಗ ತಾರೀಖು ಹಾಕಿ ಸಾಲು ಖಾಲಿ ಬಿಡುತ್ತೇನೆ.

ಸೆಂಟರಿನ ಕೆಲಸದಲ್ಲೂ ಒಂದು ಅಭ್ಯಾಸ ಬದಲಾಯಿತು. ಉದ್ಯೋಗದ ಖಾನೆ ಬಂದಾಗ ಮೌಸಿನಿಂದ ಕೈ ತೆಗೆದುಬಿಡುತ್ತೇನೆ. ಎದುರು ಕೂತ ಹೆಂಗಸು ಸಾಮಾನ್ಯವಾಗಿ, “ನಂದೇನದೆ ಕಣವ್ವ, ಮನೇಲೇ ಇವ್ನಿ,” ಎನ್ನುತ್ತಾರೆ. ಆಗ ನಾನು, ಕೈ ಸ್ವಲ್ಪ ತೋರಿಸಿ ಎನ್ನುತ್ತೇನೆ.